ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್: ನೂರು ವರ್ಷದ ಒಂದು ಸೋರಿಕೆಯ ಕಥೆ

1980ರ ದಶಕದ ಹೊಂಡಾ ಗೋಲ್ಡ್ ವಿಂಗ್ ಬೈಕುಗಳನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇಂಥವರು ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಪ್ರಶ್ನೆ ಏಳದೇ ಇರುವುದಿಲ್ಲ: "ಗಾಳಿ ನಿಲ್ತಾ ಇಲ್ಲ, ಏನ್ ಮಾಡೋದು?" ಇದು ಟೈರಿನ ಗಾಳಿಯ ಮಾತಲ್ಲ. ಶಾಕ್ ಅಬ್ಸಾರ್ಬರಿನ ಒಳಗಿನ ಗಾಳಿಯ ಮಾತು. ಸಂಜೆ ತುಂಬಿದರೆ ಬೆಳಿಗ್ಗೆ ಇಲ್ಲ. ಆಗ ಅಲ್ಲಿದ್ದವರಲ್ಲಿ ಎರಡು ಪಂಗಡ ಆಗುತ್ತದೆ. "ಸೀಲ್ ಬದಲಾಯಿಸು, ಕಂಪನಿ ಹೇಗೆ ಮಾಡಿತ್ತೋ ಹಾಗೇ ಇರಲಿ" ಅನ್ನುವವರು ಒಂದು ಕಡೆ. "ಗಾಳಿ ಸಹವಾಸವೇ ಬೇಡ, ಗಟ್ಟಿ ಸ್ಪ್ರಿಂಗ್ ಹಾಕಿ ನಿಶ್ಚಿಂತೆಯಿಂದ ಇರು" ಅನ್ನುವವರು ಇನ್ನೊಂದು ಕಡೆ.

ಈ ಜಗಳ ಗೋಲ್ಡ್ ವಿಂಗಿನಿಂದ ಶುರುವಾದದ್ದಲ್ಲ. ಅದಕ್ಕಿಂತ ಎಷ್ಟೋ ಹಿಂದಿನದು. ಮೋಟಾರ್ ಸೈಕಲ್ ಚರಿತ್ರೆಯಲ್ಲಿ ಗಾಳಿ ಸ್ಪ್ರಿಂಗ್ ಮತ್ತೆ ಮತ್ತೆ ಬಂದಿದೆ, ಮತ್ತೆ ಮತ್ತೆ ಹೋಗಿದೆ. ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಕಾರಣಕ್ಕೆ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ "ಗ್ಯಾಸ್ ಶಾಕರ್" ಅನ್ನುತ್ತಾರಲ್ಲ, 2000ದ ದಶಕದಲ್ಲಿ ಪಲ್ಸರ್ ಬೈಕುಗಳಿಂದ ಮನೆಮಾತಾದದ್ದು, ಅದು ಬೇರೆ. ಅದರಲ್ಲಿ ನೈಟ್ರೋಜನ್ ಇರುವುದು ಒಳಗಿನ ಎಣ್ಣೆ ನೊರೆಯೇಳದಂತೆ ಒತ್ತಿ ಹಿಡಿಯಲು. ನಿಮ್ಮ ಭಾರ ಹೊರುವುದು ಹೊರಗೆ ಕಾಣುವ ಸ್ಪ್ರಿಂಗೇ. ನಾನು ಹೇಳುತ್ತಿರುವುದು ಭಾರ ಹೊರುವ ಕೆಲಸವನ್ನೇ ಗಾಳಿ ಮಾಡುವ ವ್ಯವಸ್ಥೆಯ ಬಗ್ಗೆ.

ಗಾಳಿ ಹೇಗೆ ಸ್ಪ್ರಿಂಗ್ ಆಗುತ್ತದೆ ಅನ್ನುವುದಕ್ಕೆ ಪ್ರಯೋಗಶಾಲೆ ಬೇಡ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಿ ನೋಡಿ. ಮೊದಮೊದಲು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಯಲ್ಲಿ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಬಿಟ್ಟರೆ ಹಿಡಿಕೆ ತಾನೇ ಹಿಂದಕ್ಕೆ ಬರುತ್ತದೆ. ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡರಷ್ಟು. 17ನೇ ಶತಮಾನದಲ್ಲೇ ಬಾಯ್ಲ್ ಹೇಳಿದ ನಿಯಮ, ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಇದರಿಂದ ಬೈಕಿಗೆ ಆಗುವ ಲಾಭ ದೊಡ್ಡದು. ಸಣ್ಣ ಹಂಪಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಬಿಗಿಯಾಗಿ ತಾನಾಗಿಯೇ ಬದಲಾಗುತ್ತದೆ. ಒಬ್ಬರೇ ಹೋಗುವಾಗ ಗಾಳಿ ಕಡಿಮೆ, ಹಿಂದೆ ಹೆಂಡತಿ, ಪಕ್ಕದಲ್ಲಿ ಲಗೇಜು ಇದ್ದರೆ ನಾಲ್ಕು ಪಂಪ್ ಜಾಸ್ತಿ. ಉಕ್ಕಿನ ಸ್ಪ್ರಿಂಗಿಗೆ ತೂಕ ಇದೆ, ಗಾಳಿಗೆ ಇಲ್ಲವೇ ಇಲ್ಲ ಅನ್ನಬಹುದು.

ಹಾಗಾದರೆ ತೊಂದರೆ ಎಲ್ಲಿ? ಪಂಪಿನ ಒಳಗಿನ ವಾಷರಿನಲ್ಲಿ! ಅದು ಸವೆದರೆ ಹಿಡಿಕೆ ಸಲೀಸಾಗಿ ತಳ ಮುಟ್ಟುತ್ತದೆ.

ನಮ್ಮ ಕೆಎಸ್ಆರ್‌ಟಿಸಿ ಐರಾವತ ವೋಲ್ವೋ ಬಸ್ಸು ಗಾಳಿಯ ಮೇಲೇ ಓಡುತ್ತದಲ್ಲ, ಅಲ್ಲಿ ಯಾಕೆ ಈ ರಗಳೆ ಇಲ್ಲ ಅಂತ ನೀವು ಕೇಳಬಹುದು. ಬಸ್ಸಿನ ಅಡಿಯಲ್ಲಿ ಇರುವುದು ದಪ್ಪ ರಬ್ಬರಿನ ಚೀಲ. ಅದರಲ್ಲಿ ಜಾರುವ ಕೊಳವೆಯೂ ಇಲ್ಲ, ಉಜ್ಜುವ ಸೀಲೂ ಇಲ್ಲ. ಜೊತೆಗೆ ಬ್ರೇಕಿಗೆಂದು ಎಂಜಿನ್ನಿಗೇ ಜೋಡಿಸಿದ ಕಂಪ್ರೆಸರ್ ಇರುತ್ತದೆ. ಒಂದಿಷ್ಟು ಸೋರಿದರೂ ಅದು ತುಂಬಿಕೊಡುತ್ತಲೇ ಇರುತ್ತದೆ. ಬೈಕಿನಲ್ಲಿ ಅಷ್ಟು ದೊಡ್ಡ ಚೀಲಕ್ಕೆ ಜಾಗ ಇಲ್ಲ. ಹಾಗಾಗಿ ಒಂದರೊಳಗೊಂದು ಜಾರುವ ಎರಡು ಕೊಳವೆ, ನಡುವೆ ಬೆರಳಗಲದ ಒಂದು ಸೀಲ್. ಇಡೀ ಬೈಕಿನ ಭಾರ ಕೊನೆಗೆ ಆ ಸೀಲಿನ ಮರ್ಜಿಯಲ್ಲಿ!

ಮೋಟಾರ್ ಸೈಕಲ್ಲಿಗೆ ಗಾಳಿ ಸ್ಪ್ರಿಂಗ್ ಹಾಕುವ ಯೋಚನೆ ಮೋಟಾರ್ ಸೈಕಲ್ಲಿನಷ್ಟೇ ಹಳೆಯದು ಅಂದರೂ ತಪ್ಪಿಲ್ಲ. 1910ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ಊರಿನಲ್ಲಿ ಎಎಸ್ಎಲ್ ಅನ್ನುವ ಹೆಸರಿನ ಬೈಕುಗಳು ತಯಾರಾಗುತ್ತಿದ್ದವು. ಎಎಸ್ಎಲ್ ಅಂದರೆ ಏರ್ ಸ್ಪ್ರಿಂಗ್ಸ್ ಲಿಮಿಟೆಡ್. ಹೆಸರಿನಲ್ಲೇ ಗಾಳಿ! ಇದರ ಹಿಂದಿದ್ದವರು ಆರ್ಚಿಬಾಲ್ಡ್ ಶಾರ್ಪ್. ಸೈಕಲ್ಲಿನ ವಿನ್ಯಾಸದ ಬಗ್ಗೆ 1896ರಲ್ಲೇ ದೊಡ್ಡ ಗ್ರಂಥ ಬರೆದ ಎಂಜಿನಿಯರ್. ಆಗಿನ ಬೈಕುಗಳಲ್ಲಿ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಅನ್ನುವುದೇ ಅಪರೂಪ. ಅಂಥ ಕಾಲದಲ್ಲಿ ಈ ಬೈಕಿಗೆ ಹಿಂದೂ ಮುಂದೂ ಗಾಳಿಯೇ. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಇದರ ಕಥೆ ಮುಗಿಯುತ್ತ ಬಂದಿತ್ತು.

ಎರಡನೇ ಸಲ ಗಾಳಿ ಬಂದದ್ದು ವಿಮಾನದ ದಾರಿಯಿಂದ. ಈ ಅಧ್ಯಾಯದ ನಾಯಕ ಜಾರ್ಜ್ ಡೌಟಿ. 1901ರಲ್ಲಿ ಪರ್ಶೋರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಗ್ಲಾಸ್ಟರ್ ವಿಮಾನ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ವಿಮಾನದ ಚಕ್ರದ ಒಳಗೇ ಸ್ಪ್ರಿಂಗ್ ಅಡಗಿಸಿಡುವ ಒಂದು ಉಪಾಯ ಅವರ ತಲೆಯಲ್ಲಿತ್ತು. 1931ರಲ್ಲಿ ಅಂಥ ಆರು ಚಕ್ರಗಳಿಗೆ ಆರ್ಡರ್ ಬಂತು. ಎಲ್ಲಿಂದ ಗೊತ್ತೇ? ಜಪಾನಿನ ಕವಾಸಾಕಿಯಿಂದ! ಆಗ ಕವಾಸಾಕಿ ಬೈಕು ಮಾಡುತ್ತಿರಲಿಲ್ಲ, ವಿಮಾನ ಮಾಡುತ್ತಿತ್ತು. ಆ ಆರ್ಡರನ್ನು ನಂಬಿ ಡೌಟಿ ಕೆಲಸ ಬಿಟ್ಟು ಚೆಲ್ಟನ್‌ಹ್ಯಾಮಿನಲ್ಲಿ ಸ್ವಂತ ಉದ್ಯಮ ಶುರು ಮಾಡಿದರು. ಮುಂದೆ ಅದು ವಿಮಾನದ ಲ್ಯಾಂಡಿಂಗ್ ಗೇರಿಗೆ ಹೆಸರಾಯಿತು. ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ನೆಲಕ್ಕಿಳಿಯುತ್ತಿದ್ದುದು ಡೌಟಿ ಕಾಲಿನ ಮೇಲೆ. 1956ರಲ್ಲಿ ಅವರು ಸರ್ ಜಾರ್ಜ್ ಆದರು.

ವಿಮಾನದ ಕಾಲಿನ ಒಳಗೆ ಇರುವುದು ಎರಡೇ ವಸ್ತು, ಗಾಳಿ ಮತ್ತು ಎಣ್ಣೆ. ಗಾಳಿ ಭಾರ ಹೊರುತ್ತದೆ. ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗುವಾಗ ಕುಣಿತವನ್ನು ತಡೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಓಲಿಯೋ ಅನ್ನುತ್ತಾರೆ.

ಇದನ್ನು ಬೈಕಿಗೆ ತಂದದ್ದು ಬರ್ಮಿಂಗ್‌ಹ್ಯಾಮಿನ ವೆಲೋಸೆಟ್ ಕಂಪನಿ. ಅದರ ರೇಸಿಂಗ್ ವಿಭಾಗದ ತಲೆ ಹೆರಾಲ್ಡ್ ವಿಲ್ಲಿಸ್ ಸ್ವತಃ ವಿಮಾನ ಹಾರಿಸುತ್ತಿದ್ದವರು. 1936ರಲ್ಲಿ ವೆಲೋಸೆಟ್ ರೇಸಿಂಗ್ ಬೈಕಿನ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್, ಅದರ ಎರಡು ಕಡೆ ಡೌಟಿಯ ಗಾಳಿ-ಎಣ್ಣೆ ಶಾಕ್‌ಗಳು ಬಂದವು. ಇವತ್ತು ನಾವು ಬೀದಿಯಲ್ಲಿ ನೋಡುವ ಜೋಡಿ ಶಾಕ್ ಬೈಕುಗಳ ರೂಪ ಇದೇ. ಆ ಕಾಲದಲ್ಲಿ ರೇಸಿನ ಬೈಕು ಅಂದರೆ ಹಿಂಭಾಗ ಕಲ್ಲಿನ ಹಾಗೆ ಗಟ್ಟಿ ಇರಬೇಕು ಅನ್ನುವ ನಂಬಿಕೆ ಇತ್ತು. 1938 ಮತ್ತು 1939ರಲ್ಲಿ ಸ್ಟಾನ್ಲಿ ವುಡ್ಸ್ ಐಲ್ ಆಫ್ ಮ್ಯಾನ್ ಜೂನಿಯರ್ ಟಿಟಿ ರೇಸನ್ನು ವೆಲೋಸೆಟ್ ಮೇಲೆ ಗೆದ್ದರು. ಅದೇ ಹಿಂಭಾಗ ಇದ್ದ ಕೆಟಿಟಿ ಮಾರ್ಕ್ 8 ಬೈಕನ್ನು ಖಾಸಗಿ ಸವಾರರಿಗೂ ಮಾರಿದರು. ಯುದ್ಧ ಮುಗಿದ ಮೇಲೆ 1949ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ 350 ಸಿಸಿ ವರ್ಗದ ಮೊದಲ ಎರಡು ಪಟ್ಟಗಳೂ ವೆಲೋಸೆಟ್ ಸವಾರರಿಗೇ, ಫ್ರೆಡ್ಡಿ ಫ್ರಿತ್ ಮತ್ತು ಬಾಬ್ ಫಾಸ್ಟರ್. ಗಾಳಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೇ?

ಅಷ್ಟರಲ್ಲಿ ಮುಂದಿನ ಚಕ್ರದ ವಿಷಯದಲ್ಲೂ ಕ್ರಾಂತಿ ಆಗಿತ್ತು. 1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್12 ಬೈಕಿಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿತು. ಯುದ್ಧ ಮುಗಿದ ಕೂಡಲೇ ಬ್ರಿಟನ್ನಿನ ಎಲ್ಲ ಕಂಪನಿಗಳಿಗೂ ಅಂಥದ್ದು ಬೇಕಾಯಿತು. ದೊಡ್ಡ ಕಂಪನಿಗಳು ತಾವೇ ಮಾಡಿಕೊಂಡವು. ಸಣ್ಣವರು ಏನು ಮಾಡಬೇಕು? ಯುದ್ಧದ ಆರ್ಡರುಗಳು ನಿಂತಿದ್ದ ಡೌಟಿಯವರು ಮುಂದೆ ಬಂದರು. ಓಲಿಯೋಮ್ಯಾಟಿಕ್ ಅನ್ನುವ ಹೆಸರಿನ ಫೋರ್ಕ್. ಒಳಗೆ ಉಕ್ಕಿನ ಸ್ಪ್ರಿಂಗೇ ಇಲ್ಲ, ಬರೀ ಗಾಳಿ ಮತ್ತು ಎಣ್ಣೆ. ವೆಲೋಸೆಟ್ ತೆಗೆದುಕೊಂಡಿತು. ಸೈಡ್‌ಕಾರ್ ಎಳೆಯುವುದಕ್ಕೆ ಹೆಸರಾದ 600 ಸಿಸಿ ಪ್ಯಾಂಥರ್ ಬೈಕಿಗೂ ಬಂತು, ಸ್ಕಾಟ್ ಮತ್ತು ಇಎಂಸಿ ಬೈಕುಗಳಿಗೂ ಬಂತು. ಪ್ಯಾಂಥರಿನವರಿಗಂತೂ ಹೇಳಿ ಮಾಡಿಸಿದ ಹಾಗಿತ್ತು. ಸೈಡ್‌ಕಾರ್ ಕಟ್ಟಿದಾಗ ಗಾಳಿ ಜಾಸ್ತಿ, ಬಿಚ್ಚಿದಾಗ ಕಡಿಮೆ. ಸ್ಪ್ರಿಂಗ್ ಬದಲಾಯಿಸುವ ಕೆಲಸವೇ ಇಲ್ಲ.

ಹೊಸದರಲ್ಲಿ ಎಲ್ಲರೂ ಮೆಚ್ಚಿದರು. ನಾಲ್ಕಾರು ವರ್ಷ ಕಳೆದ ಮೇಲೆ ಅಸಲಿ ಕಥೆ ಶುರು. ಸೀಲ್ ಸವೆಯಿತು, ಕೊಳವೆಯ ಮೇಲೆ ತುಕ್ಕಿನ ಚುಕ್ಕೆ ಬಿತ್ತು. ರಾತ್ರಿ ನೆಟ್ಟಗೆ ನಿಲ್ಲಿಸಿದ ಬೈಕು ಬೆಳಿಗ್ಗೆ ಮೂಗು ನೆಲಕ್ಕೆ ಹಚ್ಚಿ ಕೂತಿರುತ್ತಿತ್ತು. ಉಕ್ಕಿನ ಸ್ಪ್ರಿಂಗಿರುವ ಫೋರ್ಕಿನಲ್ಲಿ ಸೀಲ್ ಹೋದರೆ ಎಣ್ಣೆ ಸೋರಿ ಬೈಕು ಸ್ವಲ್ಪ ಕುಣಿಯುತ್ತದೆ, ಆದರೂ ಮನೆ ಮುಟ್ಟಿಸುತ್ತದೆ. ಇಲ್ಲಿ ಸೀಲ್ ಹೋದರೆ ಸ್ಪ್ರಿಂಗೇ ಹೋದಂತೆ. ಓಡುತ್ತಿರುವಾಗ ಮುಂಭಾಗ ಕುಸಿದರೆ ಹ್ಯಾಂಡಲ್ ವರ್ತನೆಯೇ ಬದಲಾಗುತ್ತದೆ, ಗುಂಡಿಗೆ ಬಿದ್ದ ಪೆಟ್ಟು ನೇರ ಫ್ರೇಮಿಗೆ. 1950ರ ದಶಕದ ಮೊದಲ ವರ್ಷಗಳಲ್ಲೇ ವೆಲೋಸೆಟ್ ಮತ್ತು ಪ್ಯಾಂಥರ್ ಎರಡೂ ಉಕ್ಕಿನ ಸ್ಪ್ರಿಂಗಿನ ಫೋರ್ಕಿಗೆ ಬದಲಾದವು.

ಒಂದು ಮಾತು ಯೋಚಿಸಬೇಕು. ಟನ್ನುಗಟ್ಟಲೆ ತೂಕದ ಬಾಂಬರನ್ನು ಹೊತ್ತ ವಿದ್ಯೆ ಒಂದು ಬೈಕನ್ನು ಹೊರಲಾರದೇ ಹೋಯಿತೇ? ವಿಮಾನದ ಕಾಲು ಕೆಲಸ ಮಾಡುವುದು ಇಳಿಯುವಾಗ, ನೆಲದ ಮೇಲೆ ಓಡುವಾಗ ಮಾತ್ರ. ಉಳಿದ ಹೊತ್ತು ಅದಕ್ಕೆ ರಜೆ. ಬೈಕಿನ ಫೋರ್ಕು ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ನಿಮಿಷಕ್ಕೆ ನೂರಾರು ಸಲ ಮೇಲೆ ಕೆಳಗೆ ಆಡುತ್ತಿರುತ್ತದೆ, ಅದೂ ಚಕ್ರ ಎರಚುವ ಧೂಳು ಕೆಸರಿನ ಮಧ್ಯೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಿಮಾನ ಹಾರುವ ಮುಂಚೆ ಕಾಲಿನ ಎತ್ತರ ನೋಡಿ ಗಾಳಿ ಸರಿಯಿದೆಯೇ ಅಂತ ಪರೀಕ್ಷಿಸಲು ಸಂಬಳದ ಮೆಕ್ಯಾನಿಕ್ ಇರುತ್ತಾನೆ. ಬೈಕಿನವನು ಕಿಕ್ ಹೊಡೆದು ಹೊರಟುಬಿಡುತ್ತಾನೆ. ಡೌಟಿ ವಿಮಾನದ ಯಂತ್ರವನ್ನು ಬೈಕಿಗೆ ತಂದರು. ಅದರ ಹಿಂದಿದ್ದ ಆ ಮೆಕ್ಯಾನಿಕ್ಕನ್ನು ತರಲು ಆಗಲಿಲ್ಲ.

ಆ ಬೈಕುಗಳನ್ನು ಇವತ್ತು ಉಳಿಸಿಕೊಂಡವರು ಏನು ಮಾಡುತ್ತಾರೆ? ಮೂರು ದಾರಿ. ಒಂದು, ಕೊಳವೆಗೆ ಹೊಸದಾಗಿ ಕ್ರೋಮ್ ಹಾಕಿಸಿ ಈ ಕಾಲದ ರಬ್ಬರಿನ ಸೀಲ್ ಕೂರಿಸುವುದು. ಖರ್ಚು ಹೆಚ್ಚು, ಆದರೆ ಗಾಳಿ ನಿಲ್ಲುತ್ತದೆ. ಎರಡು, ಹೊರಗಿನಿಂದ ಏನೂ ಕಾಣದಂತೆ ಒಳಗೆ ಉಕ್ಕಿನ ಸ್ಪ್ರಿಂಗ್ ಇಳಿಸುವುದು. ಮೂರು, ಫೋರ್ಕನ್ನೇ ಬಿಚ್ಚಿ ಅದೇ ಕಂಪನಿಯ ಮುಂದಿನ ಮಾಡೆಲಿನದ್ದನ್ನು ಹಾಕುವುದು. ನೋಡಿ, ಗೋಲ್ಡ್ ವಿಂಗಿನವರ ಜಗಳದ ಬೇರು ಇಲ್ಲೇ ಇದೆ.

ಮೂರನೇ ಅಲೆ 1970ರ ದಶಕದ್ದು. ಮೋಟೋಕ್ರಾಸ್ ರೇಸುಗಳಲ್ಲಿ ಬೈಕುಗಳು ಆಳೆತ್ತರ ಹಾರತೊಡಗಿದ್ದವು. ಹಗುರಾದ, ಹೆಚ್ಚು ಆಡುವ ಶಾಕ್‌ಗಳು ಬೇಕಿದ್ದವು. ಅಮೆರಿಕದ ಬಾಬ್ ಫಾಕ್ಸ್ ಏರ್‌ಶಾಕ್ಸ್ ಅನ್ನುವ ಗಾಳಿ ಶಾಕ್ ತಯಾರಿಸಿದರು. 1976ರಲ್ಲಿ ಕೆಂಟ್ ಹೋವರ್ಟನ್ ಅದೇ ಶಾಕ್ ಹಾಕಿಕೊಂಡು ಅಮೆರಿಕದ 500 ಸಿಸಿ ರಾಷ್ಟ್ರೀಯ ಪಟ್ಟ ಗೆದ್ದರು. ಜಪಾನಿನ ಕಂಪನಿಗಳೂ ರೇಸಿಂಗ್ ಫೋರ್ಕಿನ ತಲೆಗೆ ಗಾಳಿ ವಾಲ್ವ್ ಇಟ್ಟವು. ರೇಸಿನಲ್ಲಿ ಬಂದದ್ದು ರಸ್ತೆಗೆ ಬರದೇ ಇರುತ್ತದೆಯೇ? 1980ರಲ್ಲಿ ಹೊಂಡಾ ಗೋಲ್ಡ್ ವಿಂಗ್ ಜಿಎಲ್1100 ಹಿಂದೂ ಮುಂದೂ ಗಾಳಿ ಹೊತ್ತು ಬಂತು. 1982ರ ಆಸ್ಪೆನ್‌ಕೇಡ್ ಮಾಡೆಲಿನಲ್ಲಂತೂ ಬೈಕಿನಲ್ಲೇ ಕಂಪ್ರೆಸರ್! ಕೂತಲ್ಲಿಂದಲೇ ಗುಂಡಿ ಒತ್ತಿ ಗಾಳಿ ತುಂಬಬಹುದು.

ಆದರೆ ಹೊಂಡಾದವರು ಡೌಟಿ ಫೋರ್ಕಿಗಿಂತ ಒಂದು ಹೆಜ್ಜೆ ಹುಷಾರಾಗಿದ್ದರು. ಅವರು ಒಳಗೆ ಉಕ್ಕಿನ ಸ್ಪ್ರಿಂಗನ್ನು ಉಳಿಸಿಕೊಂಡೇ ಗಾಳಿಯನ್ನು ಅದಕ್ಕೆ ಸಹಾಯಕ್ಕೆ ಕೊಟ್ಟಿದ್ದರು. ಗಾಳಿ ಹೋದರೆ ಬೈಕು ಮೆತ್ತಗಾಗುತ್ತದೆ, ತಗ್ಗುತ್ತದೆ, ಬ್ರೇಕ್ ಹಾಕಿದಾಗ ಮೂಗು ಮುಗ್ಗರಿಸುತ್ತದೆ. ಪೂರ್ತಿ ಕುಸಿಯುವುದಿಲ್ಲ.

ಇಂಥ ಬೈಕಿನಲ್ಲಿ ಸೋರಿಕೆ ಹುಡುಕುವುದಕ್ಕೆ ಹಳೆಯ ಪಂಕ್ಚರ್ ಅಂಗಡಿಯ ವಿದ್ಯೆಯೇ ಸಾಕು, ಸೋಪಿನ ನೀರು. ಮೊದಲು ವಾಲ್ವಿನ ಪಿನ್ನು. ಟೈರಿನದರಂಥದ್ದೇ, ಚಿಲ್ಲರೆ ಕಾಸಿನ ಸಾಮಾನು, ಎಷ್ಟೋ ಸಲ ಕಳ್ಳ ಇವನೇ. ಆಮೇಲೆ ಫೋರ್ಕಿನ ಮುಚ್ಚಳದ ಓ-ರಿಂಗ್, ನಂತರ ಕೊಳವೆ ಜೋಡಿಸಿದ ಕಡೆಗಳು. ಕೊನೆಗೆ ದೊಡ್ಡ ಸೀಲ್. ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಅದೇ ಅಂತ ತಿಳಿಯಿರಿ. ಕೊಳವೆಯ ಮೇಲೆ ತುಕ್ಕು ಕಚ್ಚಿದ್ದರೆ ಬರೀ ಸೀಲ್ ಬದಲಾಯಿಸಿ ಪ್ರಯೋಜನವಿಲ್ಲ, ಹೊಸ ಸೀಲನ್ನೂ ಅದು ತಿಂದುಹಾಕುತ್ತದೆ.

ಸೀಲ್ ಕೆಡುವುದಕ್ಕೆ ಎಷ್ಟೋ ಸಲ ಗಾಳಿ ತುಂಬುವ ಕೈಯೇ ಕಾರಣ. ಫೋರ್ಕಿಗೆ ಬೇಕಾದದ್ದು ಕಾರಿನ ಟೈರಿಗಿಂತ ಕಡಿಮೆ ಒತ್ತಡ, ಅದೂ ಬೊಗಸೆಯಷ್ಟು ಗಾಳಿ. ಪೆಟ್ರೋಲ್ ಬಂಕಿನ ಪೈಪು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ಮೀರಿ ಸೀಲ್ ಕಿತ್ತುಹೋಗಬಹುದು. ಕೈಪಂಪೇ ಸರಿ. ಇನ್ನೊಂದು ತಮಾಷೆ ಇದೆ. ಗಾಳಿ ಎಷ್ಟಿದೆ ಅಂತ ಗೇಜ್ ಇಟ್ಟು ನೋಡಿದರೆ ಅಷ್ಟರಲ್ಲೇ ಒಂದಷ್ಟು ಗಾಳಿ ಗೇಜಿಗೆ ಹೋಗಿ ಒತ್ತಡ ಇಳಿದಿರುತ್ತದೆ! "ನಿನ್ನೆ ತುಂಬಿದ್ದು ಇವತ್ತಿಲ್ಲ" ಅನ್ನುವ ದೂರುಗಳಲ್ಲಿ ಕೆಲವು ಬರೀ ಈ ಅಳತೆಯ ಮೋಸ.

ಇನ್ನು ಗಾಳಿಯನ್ನು ಕೈಬಿಡುವ ದಾರಿ. ಸೋರುವ ಗಾಳಿಯನ್ನು ಸೋರಲು ಬಿಟ್ಟು ಹಾಗೇ ಓಡಿಸುವುದನ್ನು ರಿಪೇರಿ ಅನ್ನಲಾಗದು. ಗಾಳಿ ಹೊರುತ್ತಿದ್ದ ಪಾಲನ್ನು ಬೇರೆ ಯಾವುದಾದರೂ ಹೊರಲೇಬೇಕು. ಹಾಗಾಗಿ ಫೋರ್ಕಿಗೆ ಇನ್ನೂ ಗಟ್ಟಿಯಾದ ಸ್ಪ್ರಿಂಗ್, ಎರಡೂ ಕಾಲಿಗೆ ಒಂದೇ ಥರದ್ದು. ಹಿಂದೆ ಗಾಳಿ ಶಾಕಿನ ಬದಲು ಬೈಕಿನ ತೂಕಕ್ಕೆ ಸರಿಹೊಂದುವ ಸ್ಪ್ರಿಂಗ್ ಶಾಕ್, ಅದೂ ಜೋಡಿಯಾಗಿ. ಫೋರ್ಕಿನ ಎಣ್ಣೆಯ ಮಟ್ಟವನ್ನೂ ಅಳೆದೇ ಹಾಕಬೇಕು. ವಾಲ್ವ್ ತೆಗೆದರೂ ಮುಚ್ಚಳದ ಕೆಳಗೆ ಉಳಿದ ಗಾಳಿ ಸ್ಪ್ರಿಂಗಿನಂತೆಯೇ ವರ್ತಿಸುತ್ತದೆ, ಎಣ್ಣೆ ಹೆಚ್ಚಾದಷ್ಟೂ ಅದರ ಜಾಗ ಕಡಿಮೆಯಾಗಿ ಬಿಗಿಯಾಗುತ್ತದೆ. ಮುಚ್ಚಳ ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಬೇಕು, ಮುಖ ದೂರ ಇಟ್ಟುಕೊಂಡೇ ತಿರುಗಿಸಬೇಕು. ಒಳಗಿನ ಸ್ಪ್ರಿಂಗ್ ಚಿಮ್ಮಿ ಬರುತ್ತದೆ.

ಸ್ಪ್ರಿಂಗ್ ಪಂಗಡದವರನ್ನು ಸೋಮಾರಿಗಳು ಅಂತ ಬೈಯುವ ಮುಂಚೆ ಕಂಪನಿಗಳೇ ಏನು ಮಾಡಿದವು ನೋಡಿ. 1988ರ ಗೋಲ್ಡ್ ವಿಂಗ್ ಜಿಎಲ್1500ರಲ್ಲಿ ಮುಂದಿನ ಫೋರ್ಕಿನ ಗಾಳಿ ಹೋಯಿತು, ಹಿಂದೆ ಮಾತ್ರ ಉಳಿಯಿತು. 2001ರ ಜಿಎಲ್1800ರಲ್ಲಿ ಹಿಂದಿನದೂ ಹೋಗಿ, ಗುಂಡಿ ಒತ್ತಿದರೆ ಸ್ಪ್ರಿಂಗನ್ನೇ ಬಿಗಿ ಮಾಡುವ ವ್ಯವಸ್ಥೆ ಬಂತು. 1980ರ ದಶಕದಿಂದ ಗಾಳಿ ಶಾಕ್ ಕೊಡುತ್ತಿದ್ದ ಹಾರ್ಲೆ-ಡೇವಿಡ್ಸನ್ ತನ್ನ ಟೂರಿಂಗ್ ಬೈಕುಗಳಲ್ಲಿ 2017ರ ಮಾಡೆಲಿನಿಂದ ಕೈಯಲ್ಲಿ ತಿರುಗಿಸಿ ಹೊಂದಿಸುವ ಸ್ಪ್ರಿಂಗಿಗೆ ಬದಲಾಯಿತು. ಬಿಎಂಡಬ್ಲ್ಯು 2005ರಲ್ಲಿ ಎಚ್‌ಪಿ2 ಎಂಡ್ಯೂರೋ ಬೈಕಿಗೆ ಗಾಳಿ ಶಾಕ್ ಹಾಕಿತು. 2007ರಲ್ಲಿ ಬಂದ ಅದರ ತಮ್ಮ ಮೆಗಾಮೋಟೋಗೆ ಸ್ಪ್ರಿಂಗೇ. ಹೊಂಡಾದ ಮೋಟೋಕ್ರಾಸ್ ಬೈಕು ಸಿಆರ್‌ಎಫ್450ಆರ್ 2013ರಲ್ಲಿ ಗಾಳಿ ಫೋರ್ಕಿಗೆ ಹೋಗಿ 2017ರಲ್ಲಿ ಸ್ಪ್ರಿಂಗಿಗೆ ವಾಪಸ್ ಬಂತು. ಅಂದರೆ ಗ್ಯಾರೇಜಿನಲ್ಲಿ ಗಾಳಿ ತೆಗೆದು ಸ್ಪ್ರಿಂಗ್ ಹಾಕಿದವನು ಕಾರ್ಖಾನೆ ಆಮೇಲೆ ಮಾಡಿದ್ದನ್ನೇ ಮೊದಲು ಮಾಡಿದ್ದ, ಅಷ್ಟೇ.

ಗಾಳಿ ಎಲ್ಲ ಕಡೆ ಸೋತಿದೆಯೇ ಅಂದರೆ ಅದೂ ಇಲ್ಲ. ಕೆಟಿಎಂ ತನ್ನ ಮೋಟೋಕ್ರಾಸ್ ಬೈಕುಗಳಲ್ಲಿ 2017ರ ಮಾಡೆಲುಗಳಿಂದ ಗಾಳಿ ಫೋರ್ಕನ್ನೇ ನಂಬಿಕೊಂಡು ಬಂತು. ಗುಡ್ಡ ಹತ್ತುವ ಮೌಂಟನ್ ಸೈಕಲ್ಲುಗಳಲ್ಲಂತೂ ಗಾಳಿಯದ್ದೇ ರಾಜ್ಯ. 1989ರ ಸುಮಾರಿಗೆ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಬಂದಾಗ ಅದರಲ್ಲಿದ್ದದ್ದೂ ಗಾಳಿ ಮತ್ತು ಎಣ್ಣೆಯೇ, ಡೌಟಿಯ ಹಾಗೆ. ಅಲ್ಲಿ ಯಾಕೆ ನಡೆಯಿತು? ಅವರೆಲ್ಲ ಪಂಪು ಜೊತೆಗಿಟ್ಟುಕೊಂಡವರು. ಸವಾರಿಗೆ ಮುಂಚೆ ಒತ್ತಡ ನೋಡುತ್ತಾರೆ, ಕಾಲಕಾಲಕ್ಕೆ ಬಿಚ್ಚಿ ಸೀಲ್ ಬದಲಾಯಿಸುತ್ತಾರೆ. ವಿಮಾನದ ಮೆಕ್ಯಾನಿಕ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸವಾರನೇ ಮಾಡುತ್ತಾನೆ.

ಹಾಗಾಗಿ ಹಳೆಯ ಬೈಕಿಟ್ಟುಕೊಂಡವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ ಅಂತ ನನಗನ್ನಿಸುತ್ತದೆ. ಗಾಳಿ ಹೋದರೆ ಈ ಬೈಕನ್ನು ಹೊರಲು ಒಳಗೆ ಇನ್ನೇನಾದರೂ ಇದೆಯೇ? ಪ್ರತಿ ಸಲ ಹೊರಡುವ ಮುಂಚೆ ನಾನು ಗಾಳಿ ನೋಡುತ್ತೇನೆಯೇ? ಎರಡಕ್ಕೂ "ಇಲ್ಲ" ಅನ್ನುವ ಉತ್ತರ ಬಂದರೆ ಸ್ಪ್ರಿಂಗ್ ಹಾಕಿಸಿ, ಯಾರ ಮುಲಾಜೂ ಬೇಡ. ಬೈಕು ಹಳೆಯದಿರಬಹುದು, ಮೇಲೆ ಕೂತವರ ಜೀವ ಹಳೆಯದಲ್ಲವಲ್ಲ.

ಒಂದು ವಿನಂತಿ ಮಾತ್ರ. ಬಿಚ್ಚಿದ ಸಾಮಾನನ್ನು ಗುಜರಿಗೆ ಹಾಕಬೇಡಿ. ಡೌಟಿ ಫೋರ್ಕುಗಳು ಒಳಗೆ ಸ್ಪ್ರಿಂಗ್ ಸೇರಿದ ಮೇಲೂ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತವೆ. ಮುಂದೆ ಕೊಂಡವನು ವಾಲ್ವ್ ನೋಡಿ ಗಾಳಿ ತುಂಬಲು ಹೋಗುತ್ತಾನೆ, ಏನೂ ಅರ್ಥವಾಗದೆ ಒದ್ದಾಡುತ್ತಾನೆ. ಆ ವಾಲ್ವು, ಮುಚ್ಚಳ, ಕೊಳವೆ ಎಲ್ಲವನ್ನೂ ಎಣ್ಣೆ ಸವರಿ ಒಂದು ಡಬ್ಬಿಯಲ್ಲಿ ಕಟ್ಟಿಡಿ. ಯಾವ ವರ್ಷ ಏನು ತೆಗೆದಿರಿ, ಯಾವ ಸ್ಪ್ರಿಂಗ್ ಹಾಕಿದಿರಿ, ಎಣ್ಣೆ ಎಷ್ಟು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಬೈಕಿನ ಕಾಗದಪತ್ರದ ಜೊತೆ ಇಡಿ. ಮುಂದೆ ಯಾರಾದರೂ ಒಳ್ಳೆಯ ಸೀಲ್ ಸಿಕ್ಕಿತೆಂದು ಮತ್ತೆ ಗಾಳಿ ತುಂಬಲು ಹೊರಟರೆ, ಆ ಡಬ್ಬಿ ಅವರ ಕೈಗೆ ಸಿಗಲಿ.